ರಿವರ್ಸ್ ಬಾರದವರು ಟ್ರೇಲರ್ ಎಳ್ಕೊಂಡು ನಮ್ಮ ರಸ್ತೆಗೆ ಬರಬೇಡಿ

ಕೊಡಗಿನ ಯಾವ ತೋಟದವರನ್ನು ಬೇಕಾದರೂ ಕೇಳಿ, ಡಿಸೆಂಬರ್ ಕೊನೆಯಲ್ಲಿ ಒಂದು ಗಂಟೆ ಹಾಳಾದರೂ ಹೊಟ್ಟೆ ಉರಿಯುತ್ತದೆ. ಅರೇಬಿಕಾ ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಹೋಗಬೇಕು. ಮೂಟೆಯಲ್ಲೇ ಉಳಿದರೆ ಬಿಸಿಯೇರಿ ಹುಳಿ ವಾಸನೆ ಹಿಡಿಯುತ್ತದೆ. ಆಮೇಲೆ ರೇಟು ಕೇಳಿ ಪ್ರಯೋಜನ ಇಲ್ಲ. ಇಂಥ ಹೊತ್ತಿನಲ್ಲಿ ಕೆಳಗಿನ ತೋಟದಿಂದ ಹಣ್ಣು ಹೇರಿಕೊಂಡು ಹತ್ತುತ್ತಿದ್ದ ನಮ್ಮ ಪಿಕಪ್, ಮಾಂದಲಪಟ್ಟಿ ಕಡೆಯ ಒಂದು ತಿರುವಿನಲ್ಲಿ ಕತ್ತಲಾಗುವವರೆಗೆ ನಿಂತಿತ್ತು. ಯಾಕೆ? ರಸ್ತೆಗೆ ಅಡ್ಡಲಾಗಿ ಒಂದು ಕ್ಯಾಂಪರ್ ಟ್ರೇಲರ್ ಸಿಕ್ಕಿಹಾಕಿಕೊಂಡಿತ್ತು.

ನೋಡದವರಿಗೆ ಹೇಳ್ತೀನಿ. ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಗಾಡಿ ಅದು. ಮೇಲೆ ಮಡಚಿಟ್ಟ ಟೆಂಟು, ಹಿಂದೆ ಅಡುಗೆ ಸಾಮಾನು, ಒಳಗೆ ಫ್ರಿಜ್ಜು, ಬ್ಯಾಟರಿ, ಅಡಿಯಲ್ಲಿ ನೀರಿನ ಟ್ಯಾಂಕು. ಆಸ್ಟ್ರೇಲಿಯಾದಲ್ಲಿ ಇದು ಮಾಮೂಲು. ಅಲ್ಲಿನ ಗಿಬ್ ರಿವರ್ ರೋಡ್‌ನಲ್ಲಿ ಸುಮಾರು 660 ಕಿಲೋಮೀಟರ್ ಇದನ್ನು ಎಳ್ಕೊಂಡು ಹೋಗುವ ವಿಡಿಯೋಗಳು ಬೇಕಾದಷ್ಟಿವೆ. ನೋಡಿದರೆ ನನಗೂ ಆಸೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ವಿಡಿಯೋ ಸ್ವಲ್ಪ ಕಣ್ಣುಬಿಟ್ಟು ನೋಡಿ. ಧೂಳಿದೆ, ಜಲ್ಲಿಯಿದೆ, ಬೋಲ್ಟು ಸಡಿಲವಾಗುವಷ್ಟು ಕುಲುಕಾಟ ಇದೆ, ಹೊಳೆ ದಾಟುವುದೂ ಇದೆ. ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗವೂ ಇದೆ. ಮಳೆಗಾಲ ಬಂದರೆ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ.

ನಮ್ಮಲ್ಲಿ ಒಂದು ಕಡೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಕಡೆ ಆಳದ ಕೊಲ್ಲಿ. ನಡುವೆ ಒಂದು ಜೀಪು ಹೋಗುವಷ್ಟು ದಾರಿ. ಆ ದಾರಿಯ ಅಂಚನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಗುಡ್ಡಗಳೇ ಜರಿದು ಬಂದದ್ದು ಎಲ್ಲರಿಗೂ ಗೊತ್ತು. ಮಣ್ಣು ತುಂಬಿಸಿ ಮತ್ತೆ ಮಾಡಿಕೊಂಡ ರಸ್ತೆ ಎಲ್ಲಿದೆ, ಗಟ್ಟಿ ನೆಲ ಎಲ್ಲಿದೆ ಅಂತ ಊರವರಿಗೆ ಗೊತ್ತಿರುತ್ತದೆ. ಬೆಂಗಳೂರಿಂದ ಫೋನಿನ ಮ್ಯಾಪ್ ನೋಡ್ಕೊಂಡು ಬಂದವರಿಗೆ ಹೇಗೆ ಗೊತ್ತಾಗಬೇಕು?

ಆ ಪುಣ್ಯಾತ್ಮ ಇಳಿಯುತ್ತಿದ್ದ, ನಾವು ಹತ್ತುತ್ತಿದ್ದೆವು. ಘಾಟಿಯಲ್ಲಿ ರಸ್ತೆ ಇಕ್ಕಟ್ಟಾಗಿದ್ದರೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನೋದು ನಿಯಮ. ಲೈಸೆನ್ಸ್ ತಗೊಂಡ ಎಲ್ಲರೂ ಓದಿರಬೇಕಾದದ್ದು. ಬಿಡಿ, ಹೊಸಬರು ಅಂತ ನಾವೇ ಹಿಂದೆ ಹೋಗಿ ಜಾಗ ಕೊಟ್ಟೆವು. ಆದರೂ ಅವನಿಗೆ ತಿರುಗಿಸೋಕೆ ಆಗಲಿಲ್ಲ. ಟ್ರೇಲರ್ ಚಕ್ರ ಜೀಪಿನ ಚಕ್ರ ಹೋದ ಜಾಡಲ್ಲಿ ಬರುವುದಿಲ್ಲ, ತಿರುವಿನ ಒಳಮಗ್ಗುಲು ಕತ್ತರಿಸಿಕೊಂಡು ಬರುತ್ತದೆ. ಅದಕ್ಕೇ ಹೊರಗಿಂದ ಅಗಲಕ್ಕೆ ತಗೋಬೇಕು. ಇವನು ಕಾರು ತಿರುಗಿಸಿದ ಹಾಗೆ ತಿರುಗಿಸಿದ. ಎಡಚಕ್ರ ಸೀದಾ ಬರೆ ಬದಿಯ ಚರಂಡಿಗೆ ಇಳಿಯಿತು.

ಆಮೇಲೆ ಶುರುವಾಯಿತು ರಿವರ್ಸ್ ನಾಟಕ. ಟ್ರೇಲರ್ ಹಿಂಬದಿ ಎಡಕ್ಕೆ ಹೋಗಬೇಕು ಅಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಗೊಂದಲ ಆಗುತ್ತದೆ ಅಂದರೆ ಸ್ಟೇರಿಂಗ್ ಕೆಳಭಾಗದಲ್ಲಿ ಕೈ ಇಟ್ಟುಕೊಳ್ಳಿ, ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್ ಹಿಂಬದಿಯೂ ಆ ಕಡೆ ಹೋಗುತ್ತದೆ. ನಮ್ಮೂರಿನ ಟ್ರಾಕ್ಟರ್ ಓಡಿಸುವ ಹುಡುಗರು ಮೀಸೆ ಬರುವ ಮೊದಲೇ ಕಲಿತಿರುತ್ತಾರೆ. ಇವನ ಗೆಳೆಯರು ಹಿಂದೆ ನಿಂತು ಒಬ್ಬ 'ಲೆಫ್ಟ್', ಇನ್ನೊಬ್ಬ 'ರೈಟ್', ಮತ್ತೊಬ್ಬ ಸುಮ್ನೆ 'ಬಾ ಬಾ ಬಾ'. ಟ್ರೇಲರ್ ಮಡಚಿಕೊಂಡು ಅದರ ಮೂತಿ ಜೀಪಿನ ಬಂಪರಿಗೇ ಬಡಿಯಿತು.

"ಅಣ್ಣ, ಕೀ ಕೊಡಿ, ನಾನು ತೆಗೆದುಕೊಡ್ತೀನಿ" ಅಂದರು ನಮ್ಮ ಟ್ರಾಕ್ಟರ್ ಡ್ರೈವರ್.

"ಬೇಡ, ಇದು ಫೋರ್ ಬೈ ಫೋರ್. ನಿಮಗೆ ಗೊತ್ತಾಗಲ್ಲ" ಅಂದ!

ಮೂವತ್ತು ವರ್ಷದ ಹಳೇ ಜೀಪಲ್ಲಿ ಮಳೆಗಾಲದ ಕೆಸರಿನಲ್ಲಿ ಗೊಬ್ಬರ ಸಾಗಿಸುವವರಿಗೆ ಹೇಳುವ ಮಾತಾ ಇದು? ಜೀಪಿನ ನಾಲ್ಕು ಚಕ್ರಕ್ಕೂ ಇಂಜಿನ್ ಶಕ್ತಿ ಇದೆ, ಒಪ್ಪಿದೆ. ಹಿಂದಿನ ಟ್ರೇಲರ್‌ನ ಎರಡು ಚಕ್ರಕ್ಕೆ ಏನಿದೆ? ಹತ್ತುವಾಗ ಅದು ಹಿಂದಕ್ಕೆ ಜಗ್ಗುತ್ತದೆ, ಇಳಿಯುವಾಗ ಹಗ್ಗ ಹರಿದ ಹೋರಿ ಥರ ಹಿಂದಿನಿಂದ ನುಗ್ಗುತ್ತದೆ. ಲೋ ಗೇರ್ ಹಾಕಿ ಇಂಜಿನ್ನಿಂದಲೇ ತಡೆದು ಇಳಿಸಬೇಕು, ಟ್ರೇಲರ್‌ಗೇ ಬೇರೆ ಬ್ರೇಕ್ ಇರಬೇಕು. ಇವರು ಹಾಡಿ ಹೊಗಳುವ ಆಸ್ಟ್ರೇಲಿಯಾದಲ್ಲಿ 750 ಕೆಜಿ ದಾಟಿದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಇವನ ಟ್ರೇಲರ್ ಅಡಿ ಬಗ್ಗಿ ನೋಡಿದೆ. ಬ್ರೇಕ್ ಇಲ್ಲ. ಸೇಫ್ಟಿ ಚೈನ್ ಇತ್ತು, ಆದರೆ ಸಿಕ್ಕಿಸಿರಲಿಲ್ಲ. ಒಂದು ತುದಿ ನೆಲಕ್ಕೆ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಕೊಕ್ಕೆ ಕಳಚಿಕೊಂಡರೆ ಆ ಇಳಿಜಾರಿನಲ್ಲಿ ಅದು ಯಾರ ಮೇಲೆ ಹೋಗಬೇಕಿತ್ತು? ಕೆಳಗೆ ಕೊಯ್ಲಿನ ಹೆಂಗಸರು ನಡೆದು ಬರುತ್ತಿದ್ದರು.

ಕೊನೆಗೆ ಟ್ರೇಲರ್ ಬಿಚ್ಚೋಣ ಅಂತಾಯಿತು. ಚಕ್ರಕ್ಕೆ ಒಂದು ಕಲ್ಲೂ ಕೊಡದೆ ಒಬ್ಬ ಕೊಕ್ಕೆಯ ಲಿವರ್ ಎತ್ತೋಕೆ ಹೋದ. ನಾನು ಕಿರುಚಿದ ರೀತಿಗೆ ಕೊಲ್ಲಿಯಾಚೆಗೂ ಕೇಳಿಸಿರಬೇಕು. ನಮ್ಮವರು ಓಡಿಹೋಗಿ ಎರಡೂ ಚಕ್ರದ ಮುಂದೆ ಕಲ್ಲು ಕೊಟ್ಟರು. ಟ್ರೇಲರ್ ಮೂತಿಗೆ ಆಸರೆಯಾಗಿರುವ ಸಣ್ಣ ಚಕ್ರ ಕೆಸರಲ್ಲಿ ಹೂತುಹೋಯಿತು, ಅದರಡಿ ಹಲಗೆ ಇಟ್ಟೆವು. ಎಷ್ಟು ಎತ್ತಿದರೂ ಏಳಲಿಲ್ಲ. ಆಮೇಲೆ ಗೊತ್ತಾಯಿತು, ಟ್ಯಾಂಕ್ ತುಂಬಾ ನೀರು. ಕೊಡಗಿಗೆ ನೀರು ಹೊತ್ತು ತಂದಿದ್ದಾರೆ ಮಹಾರಾಯರು! ಒಂದು ಲೀಟರ್ ಅಂದರೆ ಒಂದು ಕೆಜಿ. ಎಲ್ಲ ಖಾಲಿ ಮಾಡಿಸಿ, ದಿನವಿಡೀ ಹಣ್ಣು ಕೊಯ್ದು ಕೈ ಸೋತ ಜನರೇ ಹಿಡಿದು ತಿರುಗಿಸಿದರು. ಅಷ್ಟರಲ್ಲಿ ಕತ್ತಲು. ಕತ್ತಲಾದ ಮೇಲೆ ಆನೆ ಭಯ. ಹೆಂಗಸರನ್ನೆಲ್ಲ ತೋಟದ ಕೆಲಸದವರ ಲೈನ್ ಮನೆಗೆ ಜೀಪಲ್ಲೇ ಬಿಟ್ಟು ಬರಬೇಕಾಯಿತು. ಪಲ್ಪರ್ ನಡುರಾತ್ರಿವರೆಗೆ ಓಡಿತು. ಆ ಓವರ್‌ಟೈಮ್ ಯಾರು ಕೊಡ್ತಾರೆ?

ಇಷ್ಟೂ ಹೊತ್ತು ಅವರಲ್ಲೊಬ್ಬ ವಿಡಿಯೋ ಮಾಡುತ್ತಿದ್ದ. ಕೊಡಗಿನ ಭಯಂಕರ ಆಫ್‌ರೋಡ್ ಅಂತ ಹಾಕ್ತಾನಂತೆ. ಸ್ವಾಮಿ, ಶಾಲೆ ಮಕ್ಕಳು ನಡೆದು ಹೋಗುವ ರಸ್ತೆ ಅದು. ನಮ್ಮ ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವುದೂ ಅದರಲ್ಲೇ. ಮುಚ್ಚಿದರೆ ನಮಗೆ ಬೇರೆ ದಾರಿ ಇಲ್ಲ.

ನಿಮ್ಮ ಟ್ರಾಕ್ಟರ್ ಟ್ರೇಲರ್ ಓಡಾಡಲ್ವಾ ಅಂತ ಕೇಳುವವರೂ ಇದ್ದಾರೆ. ಓಡಾಡುತ್ತದೆ. ಹೊರಡುವ ಮೊದಲು ಮೇಲಿನವರಿಗೆ ಫೋನ್ ಮಾಡ್ತೀವಿ, ಪ್ರತಿ ತಿರುವಿಗೂ ಹಾರ್ನ್ ಹೊಡೀತೀವಿ, ಎಲ್ಲಿ ಸರಿದು ನಿಲ್ಲಬೇಕು ಅಂತ ಗೊತ್ತಿರುತ್ತದೆ. ಪ್ರವಾಸಿಗರು ಬರಬೇಡಿ ಅಂತ ನಾನು ಹೇಳ್ತಿಲ್ಲ. ಬನ್ನಿ. ಕುಶಾಲನಗರ ಕಡೆ ಬಯಲಿದೆ, ಅಗಲ ರಸ್ತೆಯಿದೆ, ಟ್ರೇಲರ್ ನಿಲ್ಲಿಸಿ ಆರಾಮಾಗಿ ಟೆಂಟು ಬಿಚ್ಚಿಕೊಳ್ಳಿ.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಬುಕಿಂಗ್ ತಗೊಳ್ಳುವಾಗ ಊಟಕ್ಕೆ ಹಂದಿ ಬೇಕಾ ಕೋಳಿ ಬೇಕಾ ಅಂತ ಕೇಳ್ತೀರಲ್ಲ, ಹಿಂದೆ ಟ್ರೇಲರ್ ಇದೆಯಾ ಅಂತಲೂ ಕೇಳಿ. ಇದೆ ಅಂದರೆ ಮುಖ್ಯರಸ್ತೆಯಲ್ಲೇ ಎಲ್ಲಾದರೂ ನಿಲ್ಲಿಸಿ, ನಿಮ್ಮ ಜೀಪಲ್ಲಿ ಕರ್ಕೊಂಡು ಬನ್ನಿ. ಜೀಪಿನ ಬಾಡಿಗೆಯೂ ನಿಮಗೇ ಸಿಗುತ್ತದೆ ಅಲ್ವಾ?