ಊದದ ದಿನದ ಮಾತ್ರೆ

"ಮೈಯಲ್ಲಿ ಏನೂ ಇಲ್ಲದಿರುವಾಗಲೂ ದಿನಾ ಮಾತ್ರೆ ನುಂಗುತ್ತೀಯಲ್ಲ, ಇದೇನು ಕರ್ಮ?" ಎಂದು ಮೊನ್ನೆ ಮದುವೆಮನೆಯಲ್ಲಿ ಚಿಕ್ಕಮ್ಮ ಕೇಳಿದರು. ಎಲೆಯ ಮುಂದೆ ಕುಳಿತು ವಾದವೇಕೆ ಎಂದು ಸುಮ್ಮನಾದೆ. ಉತ್ತರ ಮಾತ್ರ ಗಂಟಲಲ್ಲೇ ಉಳಿದಿದೆ.

ನನ್ನದು ಹೆರಿಡಿಟರಿ ಆಂಜಿಯೋಎಡಿಮಾ, ವಂಶದಲ್ಲಿ ಹರಿದು ಬರುವ ಬಾವು. ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯಿಂದ ಬ್ರಾಡಿಕೈನಿನ್ ಎಂಬ ರಾಸಾಯನಿಕ ಹೆಚ್ಚಿ, ರಕ್ತನಾಳಗಳಿಂದ ನೀರು ಸೋರಿ ಕೈ, ತುಟಿ, ಕರುಳು, ಗಂಟಲು ಎಲ್ಲಿ ಬೇಕಾದರೂ ಊದುತ್ತದೆ. ತುರಿಕೆಯಿಲ್ಲ, ಪಿತ್ತಗಂದೆ ಏಳುವುದಿಲ್ಲ. ಅಲರ್ಜಿಯ ಮದ್ದು ಕೊಟ್ಟರೆ ಬೋರ್ಗಲ್ಲ ಮೇಲೆ ಮಳೆ ಸುರಿದಂತೆ. ಹತ್ತೊಂಬತ್ತರಲ್ಲಿ ಹೊಟ್ಟೆನೋವೆಂದು ಹೋದಾಗ ಒಂದು ಆಸ್ಪತ್ರೆಯಲ್ಲಿ ನನ್ನ ಅಪೆಂಡಿಕ್ಸ್ ತೆಗೆದರು. ಊದಿದ್ದು ಕರುಳು, ಅಪೆಂಡಿಕ್ಸ್ ಪಾಪ, ನಿರಪರಾಧಿ.

ಅಮ್ಮನ ತಂದೆ ಆಲೆಮನೆಯಲ್ಲಿ ರಾತ್ರಿ ಕೊಪ್ಪರಿಗೆ ಕಾಯುತ್ತಿದ್ದವರು ಗಂಟಲು ಕಟ್ಟಿ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರಂತೆ. ಬೆಲ್ಲಕ್ಕೆ ಮುತ್ತಿದ ಕಣಜ ಕಚ್ಚಿತು ಎಂದೇ ಊರು ನಂಬಿತ್ತು. ಮೈಸೂರಿನ ವೈದ್ಯರೊಬ್ಬರು ಈ ಕಾಯಿಲೆಯ ಸುಳಿವು ಕೊಡುವ ಸಿ4 ಎಂಬ ರಕ್ತಪರೀಕ್ಷೆ ಬರೆದುಕೊಡುವವರೆಗೆ ನಾನೂ ನಂಬಿದ್ದೆ. "ಬಂದಾಗ ನೋಡಿಕೊಂಡರಾಯಿತು" ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ನಡುರಾತ್ರಿ ಗಂಟಲು ಊದಿದರೆ, ಮಂಡ್ಯದಿಂದ ಹೊರಟು, ನನ್ನಲ್ಲಿಲ್ಲದ ಆ ಪ್ರೋಟೀನಿರುವ ಹೆಪ್ಪುಗಟ್ಟಿಸಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹುಡುಕಿ, ಅದು ಕರಗಿ ನರಕ್ಕೆ ಇಳಿಯುವವರೆಗೆ ಉಸಿರು ಕಾಯುತ್ತದೆಯೇ?

ಹನ್ನೊಂದು ವರ್ಷಗಳಿಂದ ನುಂಗುತ್ತಿರುವುದು ಡಾನಜಾಲ್. ತಿಂಗಳಿಗೆ ಮೂರು ಸಲ ಊದುತ್ತಿದ್ದವಳು ಕಳೆದ ವರ್ಷ ಊದಿದ್ದು ಎರಡೇ ಸಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುರುತುಗಳಿವೆ. ಆದರೆ ಅದು ಗಂಡು ಹಾರ್ಮೋನಿನ ಜಾತಿಯ ಔಷಧಿ. ಮುಟ್ಟು ಏರುಪೇರಾಯಿತು, ತೂಕ ಏರಿತು, ಆರು ತಿಂಗಳಿಗೊಮ್ಮೆ ಯಕೃತ್ತಿನ ಪರೀಕ್ಷೆ ತಪ್ಪದು. ಗಲ್ಲದಲ್ಲಿ ಒರಟು ಕೂದಲು ಮೂಡಿದವು. ಭಾನುವಾರ ಕಿಟಕಿಯ ಬೆಳಕಿಗೆ ಕುಳಿತು ಚಿಮಟದಿಂದ ಕೀಳುತ್ತೇನೆ, ಮಗಳು ಕನ್ನಡಿ ಹಿಡಿಯುತ್ತಾಳೆ. ಬ್ಯಾಂಕಿನವರು ಫೋನಿನಲ್ಲಿ "ಸರ್" ಎನ್ನುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.

ಅಮೆರಿಕದಲ್ಲಿ 2018ರಲ್ಲೇ ಈ ಬಾವು ಬರದಂತೆ ತಡೆಯುವ ಲಾನಡೆಲುಮ್ಯಾಬ್ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ಎರಡು ವಾರಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಳ್ಳುವುದು. 2020ರಲ್ಲಿ ದಿನಕ್ಕೊಂದು ನುಂಗುವ ಬೆರೊಟ್ರಾಲ್‌ಸ್ಟಾಟ್ ಬಂತು. ಅಂತರರಾಷ್ಟ್ರೀಯ ಮಾರ್ಗಸೂಚಿ ಡಾನಜಾಲನ್ನು ಹಿಂದಿನ ಸಾಲಿಗೆ ತಳ್ಳಿದೆ. ನಮಗೆ ಅದೇ ಮುಂದಿನ ಸಾಲು, ಕೈಗೆಟಕುವುದು ಅದೊಂದೇ ಎಂಬ ಕಾರಣಕ್ಕೆ. ನನ್ನ ಮಟ್ಟಿಗೆ ಗಡ್ಡದೊಡನೆ ರಾಜಿಯಾಗಿದ್ದೇನೆ. ಮಗಳ ಮಟ್ಟಿಗೆ ಆಗಲಾರೆ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳ ಪಾಲಿಗೆ ಬಂದಿದೆ. ಹದಿಮೂರರ ಹುಡುಗಿಗೆ ಡಾನಜಾಲ್ ಬೇಡವೆಂದು ವೈದ್ಯರು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಬೇರೆ ಔಷಧಿ ಕೊಡುತ್ತಿದ್ದಾರೆ. ಅದು ಎಲ್ಲರಿಗೂ ಹಿಡಿಯುವುದಿಲ್ಲ. ಇವಳಿಗೆ ಅರೆಬರೆ.

ಸುಮಾರು 50,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಎನ್ನುತ್ತಾರೆ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನ ಸುಮಾರು 18 ಲಕ್ಷ. ಅಂದರೆ ಮೂವತ್ತಾರು ಮಂದಿ. ಮೂವತ್ತಾರು ವೋಟಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಅಮ್ಮ, ನಾನು, ಮಗಳು ಸೇರಿ ನಮ್ಮ ಮನೆಯಲ್ಲೇ ಮೂವರು. ಉಳಿದ ಮೂವತ್ತಮೂರು ಮಂದಿ ಯಾವ ಕಣಜವನ್ನು ಬೈಯುತ್ತ ಕುಳಿತಿದ್ದಾರೋ!

ಇಷ್ಟು ಬರೆಯುವಾಗ ಹೊಳೆಯಿತು: ಚಿಕ್ಕಮ್ಮನೂ ಅದೇ ಆಲೆಮನೆಯ ಅಜ್ಜನ ಮಗಳು. ಹಲ್ಲು ಕೀಳಿಸಿದ ರಾತ್ರಿ ಅವರ ಮಗನ ಮುಖ ಗುರುತು ಸಿಗದಂತೆ ಊದಿತ್ತು. ದಂತವೈದ್ಯರನ್ನು ಎಲ್ಲರೂ ಬೈದಿದ್ದೆವು. ಈಗಷ್ಟೇ ಫೋನ್ ಮಾಡಿದೆ. ಸೋಮವಾರ ಬೆಳಗಿನ ರೈಲಿಗೆ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. "ಟೀ ಕುಡಿದು ಬರಬಹುದೇನೇ?" ಎಂದು ಕೇಳಿದರು. ಧಾರಾಳವಾಗಿ ಕುಡಿಯಿರಿ, ರಕ್ತ ಕೊಡುವುದಷ್ಟೇ, ಎಂದೆ.