ಉಮಿ ಶಿಬಾವುರಾ: ಗೇಟಿನಾಚೆ ಹೋಗಲಾಗದವರಿಗೂ ಒಂದಿಷ್ಟು ಜಾಗ

ಜಪಾನಿಗೆ ಬರುವ ನಮ್ಮ ಕಡೆಯ ಗೆಳೆಯರು ಈಚೆಗೆ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಇಳಿದರೂ ಹೊರಗೆ ಕಾಲಿಡಲಾಗದ ರೈಲು ನಿಲ್ದಾಣ ಯೊಕೊಹಾಮಾದಲ್ಲಿ ಇದೆಯಂತಲ್ಲ, ಅದನ್ನು ನೋಡಿಕೊಂಡು ಬರಬಹುದೇ ಎಂದು. ಬರಬಹುದು, ಖಂಡಿತ ಬರಬೇಕು. ಆದರೆ ಆ ನಿಲ್ದಾಣವನ್ನು ಒಂದು ವಿಚಿತ್ರ ವಸ್ತುವಿನಂತೆ ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಹೊರಟುಬಿಟ್ಟರೆ ಅಲ್ಲಿ ನಿಜವಾಗಿ ಗಮನಿಸಬೇಕಾದದ್ದು ಕಣ್ತಪ್ಪಿ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿಯೇ ಈ ಬರಹ.

ಉಮಿ ಶಿಬಾವುರಾ ಎಂಬ ಆ ನಿಲ್ದಾಣ ತ್ಸುರುಮಿ ರೈಲುಮಾರ್ಗದ ಒಂದು ಕವಲಿನ ಕೊನೆಯ ನಿಲ್ದಾಣ. ಮುಖ್ಯ ಹಳಿಯೂ ಎರಡು ಕವಲುಗಳೂ ಸೇರಿದರೂ ಈ ಮಾರ್ಗದ ಒಟ್ಟು ಉದ್ದ 9.7 ಕಿಲೋಮೀಟರ್ ಅಷ್ಟೆ. ಅಸಾನೊ ನಿಲ್ದಾಣದಲ್ಲಿ ಬಲಕ್ಕೆ ಬಳುಕುವ ಉಮಿ ಶಿಬಾವುರಾ ಕವಲಿನ ಉದ್ದ 1.7 ಕಿಲೋಮೀಟರ್. ನಿಲ್ದಾಣ ಶುರುವಾದದ್ದು 1940ರ ನವೆಂಬರಿನಲ್ಲಿ. ಒಂದೇ ಹಳಿ, ಒಂದೇ ಕಿರಿದಾದ ಪ್ಲಾಟ್‌ಫಾರಂ. ಅದರ ಕಟಕಟೆಯ ಕೆಳಗೇ ಸಮುದ್ರದ ನೀರು. ಮೂರು ಬೋಗಿಯ ರೈಲಿನಿಂದ ಇಳಿದು ಎರಡು ಹೆಜ್ಜೆ ಇಟ್ಟರೆ ಕೆಇಹಿನ್ ಕಾಲುವೆ ಕಾಲಬುಡದಲ್ಲಿ ಇರುತ್ತದೆ. ಉಬ್ಬರದ ಹೊತ್ತಿನಲ್ಲಿ ಕಟಕಟೆಗೆ ಒರಗಿ ಬಗ್ಗಿ ನೋಡಿದರೆ ಕಾಂಕ್ರೀಟು ಗೋಡೆಗೆ ನೀರು ಮೆಲ್ಲಗೆ ಬಡಿಯುವುದು ಕಾಣಿಸುತ್ತದೆ. ತಲೆಯೆತ್ತಿದರೆ ದೂರದಲ್ಲಿ ತ್ಸುಬಾಸಾ ಸೇತುವೆಯ ತಂತಿಗಳು.

ನಿಲ್ದಾಣದಿಂದ ಹೊರಗೆ ಹೋಗುವ ಒಂದೇ ಒಂದು ದಾರಿ ತೋಶಿಬಾ ಸಮೂಹದ ಕಾರ್ಖಾನೆಯ ಗೇಟಿಗೆ ಹೋಗಿ ಮುಟ್ಟುತ್ತದೆ. ಗುರುತಿನ ಚೀಟಿ ಇಲ್ಲದವರನ್ನು ಕಾವಲುಗಾರರು ಒಳಗೆ ಬಿಡುವುದಿಲ್ಲ. ಸುತ್ತಮುತ್ತ ಬೇರೆ ಬೀದಿಯೇ ಇಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಈ ಇಡೀ ನೆಲವೇ ಸಮುದ್ರವನ್ನು ತುಂಬಿಸಿ ಕಾರ್ಖಾನೆಗಳಿಗಾಗಿ ಮಾಡಿಕೊಂಡದ್ದು. ಆ ಕೆಲಸಕ್ಕೆ ಮುಂದಾದ ಉದ್ಯಮಿ ಅಸಾನೊ ಸೋಇಚಿರೊ. ಸರಕು ಸಾಗಿಸಲು 1926ರಲ್ಲಿ ಶುರುವಾದ ಈ ಖಾಸಗಿ ರೈಲುಮಾರ್ಗದಲ್ಲಿ ಪ್ರಯಾಣಿಕರ ಓಡಾಟ ಮೊದಲಾದದ್ದು 1930ರಲ್ಲಿ. ಯುದ್ಧದ ನಡುವೆ, 1943ರಲ್ಲಿ, ಸರಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಊರುಗಳೇ ಇಲ್ಲದ ನೆಲಕ್ಕೆ ಊರ ಹೆಸರು ಎಲ್ಲಿಂದ ಬರಬೇಕು? ಹೀಗಾಗಿ ಇಲ್ಲಿನ ಹಲವು ನಿಲ್ದಾಣಗಳಿಗೆ ಉದ್ಯಮಿಗಳ ಹೆಸರುಗಳೇ ಬಂದಿವೆ. ಅಸಾನೊ ಸರಿಯೇ ಸರಿ. ಕಾಗದದ ಉದ್ಯಮಿಯ ಹೆಸರಿನ ಒಕಾವಾ ಇದೆ. ಬ್ಯಾಂಕಿಂಗ್ ಧಣಿ ಯಾಸುದಾ ಝೆನ್‌ಜಿರೊ ಹೆಸರಿನಿಂದ ಎರಡು ಚಿತ್ರಾಕ್ಷರ ಆಯ್ದು, ಅವುಗಳ ಇನ್ನೊಂದು ಉಚ್ಚಾರದಂತೆ ಅನ್‌ಝೆನ್ ಎಂದಿಟ್ಟಿದ್ದಾರೆ. ಕಿವಿಗೆ ಮಾತ್ರ ಅದು ಸುರಕ್ಷತೆ ಎಂಬರ್ಥದ ಜಪಾನೀ ಪದದಂತೆಯೇ ಕೇಳಿಸುತ್ತದೆ. ಉಮಿ ಎಂದರೆ ಸಮುದ್ರ. ಶಿಬಾವುರಾ ಎಂಬುದು 1939ರಲ್ಲಿ ಟೋಕಿಯೊ ಎಲೆಕ್ಟ್ರಿಕ್ ಎಂಬ ಇನ್ನೊಂದು ಕಂಪನಿಯೊಡನೆ ಸೇರಿ ತೋಶಿಬಾ ಆದ ಹಳೆಯ ಕಂಪನಿಯ ಹೆಸರು. ಬಾಗಿಲಿನಾಚೆ ಇರುವವರು ಯಾರೆಂಬುದನ್ನು ನಿಲ್ದಾಣದ ಹೆಸರೇ ಹೇಳುತ್ತಿದೆ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ವಾರದ ದಿನ, ಮಧ್ಯಾಹ್ನ. ಬೆಳಗ್ಗೆ ಮತ್ತು ಸಂಜೆ ಪಾಳಿಯ ಹೊತ್ತಿಗೆ ರೈಲುಗಳು ಒಂದರ ಹಿಂದೊಂದು ಬರುತ್ತವೆ. ನಡುಹಗಲಿನಲ್ಲಿ ಒಂದು ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆಗೂ ಹೆಚ್ಚು ಕಾಯಬೇಕು. ವೇಳಾಪಟ್ಟಿ ನೋಡದೆ ಹೋಗಿದ್ದ ನಾನು ಬಂದ ರೈಲಿನಲ್ಲೇ ಹಿಂತಿರುಗದೆ ಅಲ್ಲೇ ಉಳಿದೆ. ಮುಂದೇನು ಎಂದು ಆಚೀಚೆ ನೋಡುವಾಗ ಕಂಡದ್ದು ಪ್ಲಾಟ್‌ಫಾರಂ ಮುಗಿಯುವಲ್ಲಿ, ಕಾರ್ಖಾನೆಯ ಗೇಟಿಗಿಂತ ಮುಂಚೆ, ನೀರಿನ ಅಂಚಿನಲ್ಲೇ ಚಾಚಿಕೊಂಡಿದ್ದ ಒಂದು ಸಣ್ಣ ಉದ್ಯಾನ. ಕೆಲವು ಬೆಂಚುಗಳು, ಒಂದಿಷ್ಟು ಗಿಡಗಳು, ಎದುರಿಗೆ ಕಾಲುವೆ. ಹೆಸರು ಉಮಿಶಿಬಾ ಉದ್ಯಾನ. ಹೊರಗೆ ಹೋಗಲಾಗದೆ ಪ್ಲಾಟ್‌ಫಾರಂನಲ್ಲೇ ನಿಂತು ಹಿಂತಿರುಗುತ್ತಿದ್ದವರಿಗಾಗಿ ಕಂಪನಿ 1995ರಲ್ಲಿ ತನ್ನದೇ ನೆಲದಲ್ಲಿ ಇದನ್ನು ಮಾಡಿಕೊಟ್ಟಿತು.

ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ಇದೇ. ಬಂದವರಿಂದ ಕಂಪನಿಗೆ ಬಿಡಿಗಾಸಿನ ಲಾಭವಿಲ್ಲ. ಇಲ್ಲಿ ಪ್ರವೇಶವಿಲ್ಲ ಎಂದು ಒಂದು ಫಲಕ ಹಾಕಿ ಸುಮ್ಮನಿದ್ದಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಕಾರ್ಖಾನೆಯ ಭದ್ರತೆಯನ್ನು ಒಂದಿನಿತೂ ಸಡಿಲಿಸದೆ, ಗೇಟನ್ನು ಇದ್ದಲ್ಲೇ ಇರಿಸಿ, ಅದರ ಈಚೆಗೆ ಅಪರಿಚಿತರು ಕುಳಿತುಕೊಳ್ಳಲು ಒಂದು ಪಟ್ಟಿ ನೆಲ ಬಿಟ್ಟುಕೊಟ್ಟರು. ರೈಲು ನಿಲ್ಲುವ ಕಡೆ ಇಳಿಯುವ ಹಕ್ಕು ಟಿಕೆಟು ಕೊಂಡ ಪ್ರತಿಯೊಬ್ಬರಿಗೂ ಇದೆ, ಇಳಿದವರನ್ನು ನಿಂತ ಕಾಲಿನಲ್ಲಿ ಇರಿಸಬಾರದು ಎಂಬ ತಿಳಿವಳಿಕೆ ಅದರ ಹಿಂದೆ ಇದೆ ಎಂದೇ ನಾನು ನಂಬುತ್ತೇನೆ. ಅತಿಥಿಯನ್ನು ಒಳಮನೆಗೆ ಕರೆಯಲಾಗದ ಸಂದರ್ಭದಲ್ಲೂ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸುವ ನಡವಳಿಕೆ ನಮಗೆ ಹೊಸದಲ್ಲವಷ್ಟೆ; ಆ ಮರ್ಯಾದೆಯನ್ನು ಒಂದು ದೊಡ್ಡ ಕಾರ್ಖಾನೆಯ ಬಾಗಿಲಲ್ಲಿ ಕಂಡು ನನಗೆ ಸಂತೋಷವಾಯಿತು.

ಬಂದವರ ಮೇಲೂ ಅಲ್ಲಿ ಅಷ್ಟೇ ನಂಬಿಕೆ ಇಟ್ಟಿದ್ದಾರೆ. ತ್ಸುರುಮಿ ಬಿಟ್ಟರೆ ಈ ಮಾರ್ಗದ ಉಳಿದೆಲ್ಲ ನಿಲ್ದಾಣಗಳಲ್ಲಿ 1971ರಿಂದ ರೈಲ್ವೆ ಸಿಬ್ಬಂದಿ ಇಲ್ಲ. ಉಮಿ ಶಿಬಾವುರಾದಲ್ಲಿ ಇರುವುದು ಪ್ರಯಾಣದ ಕಾರ್ಡು ತಾಗಿಸುವ ಒಂದು ಸರಳ ಕಂಬ, ಅಡ್ಡಗಟ್ಟುವ ಕದವಿಲ್ಲ. ಉದ್ಯಾನಕ್ಕೆ ಬಂದವರು ಅಲ್ಲಿ ಕಾರ್ಡು ತಾಗಿಸಿ ಬಂದ ದಾರಿಯ ಹಣ ಕೊಡಬೇಕು, ಹಿಂತಿರುಗುವಾಗ ಮತ್ತೆ ತಾಗಿಸಿ ಹೊಸ ಪ್ರಯಾಣ ಶುರುಮಾಡಬೇಕು. ನೋಡುವವರಿಲ್ಲ ಎಂದು ಇದನ್ನು ತಪ್ಪಿಸುವುದು ನನ್ನ ಮಟ್ಟಿಗೆ ಶುದ್ಧ ಕಳ್ಳತನ. ದಯವಿಟ್ಟು ನಮ್ಮವರು ಯಾರೂ ಹಾಗೆ ಮಾಡಬೇಡಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ರೈಲು ಓಡುತ್ತಿರುವುದು ನಮ್ಮಂಥ ನೋಡುಗರಿಂದಲ್ಲ, ಆ ಗೇಟಿನೊಳಗೆ ದುಡಿಯುವವರಿಂದ. ನಾನು ಕುಳಿತಿದ್ದ ಆ ಸಂಜೆ ಪಾಳಿ ಮುಗಿದು ಜನ ಬರತೊಡಗಿದರು. ಕಾವಲುಗಾರರಿಗೆ ತಲೆಬಾಗಿ ವಂದಿಸಿ, ಕಂಬಕ್ಕೆ ಕಾರ್ಡು ತಾಗಿಸಿ, ಪ್ಲಾಟ್‌ಫಾರಂನಲ್ಲಿ ತಮ್ಮ ತಮ್ಮ ಮಾಮೂಲಿ ಜಾಗಗಳಲ್ಲಿ ನಿಂತರು. ಅವರಲ್ಲಿ ಸಮುದ್ರದ ಕಡೆ ತಿರುಗಿ ನೋಡಿದವರು ಒಬ್ಬರೋ ಇಬ್ಬರೋ. ದಿನವೂ ಕಾಣುವ ನೀರು ಅದು. ಫೋಟೊ ತೆಗೆಯುವ ಭರದಲ್ಲಿ ಅವರ ದಾರಿಗೆ ಅಡ್ಡ ನಿಲ್ಲುವುದು, ಅವರ ಮುಖಗಳಿಗೆ ಕ್ಯಾಮೆರಾ ಹಿಡಿಯುವುದು ಸಲ್ಲದು.

ರೈಲು ಬಂದು ಬಾಗಿಲು ತೆರೆದಾಗ ನಾನು ಬೆಂಚಿನಿಂದ ಎದ್ದು ಕಟಕಟೆಯ ಬದಿಗೆ ಸರಿದು ನಿಂತೆ. ಅವರೆಲ್ಲ ಹತ್ತಿ ಕುಳಿತ ಮೇಲೆ ಕಾರ್ಡು ತಾಗಿಸಿ ಕೊನೆಯವನಾಗಿ ಹತ್ತಿದೆ.