ಮೇಷ್ಟ್ರಿಗೆ ಅಡ್ಮಿಷನ್ ಟಾರ್ಗೆಟ್ ಇರಬೇಕೇ?

ಪರ

ಮೊದಲೇ ಹೇಳಿಬಿಡುತ್ತೇನೆ, ಇಷ್ಟು ಮಕ್ಕಳನ್ನು ಕಾಲೇಜಿಗೆ ಸೇರಿಸಬೇಕು ಎಂಬ ಗುರಿ ಮುಟ್ಟದ ಮೇಷ್ಟ್ರ ಸಂಬಳ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಆದರೆ ‘ಪಾಠ ಮಾಡುವುದಷ್ಟೇ ನನ್ನ ಕೆಲಸ, ಸೀಟು ತುಂಬುವುದು ಮ್ಯಾನೇಜ್‌ಮೆಂಟಿನ ತಲೆನೋವು’ ಎನ್ನುವ ಮಾತು ಸರ್ಕಾರಿ ಕಾಲೇಜಿನಲ್ಲಿ ನಡೆದೀತು, ಮಕ್ಕಳು ಕಟ್ಟುವ ಶುಲ್ಕದಿಂದಲೇ ಸಂಬಳ ಬರುವ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯದು.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆ ಎಐಸಿಟಿಇ ನಿಯಮದಂತೆ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. 60 ಸೀಟಿನ ವಿಭಾಗ ನಾಲ್ಕೂ ವರ್ಷ ತುಂಬಿದ್ದರೆ 240 ಮಕ್ಕಳು, 12 ಹುದ್ದೆ. ವರ್ಷಕ್ಕೆ 20 ಮಂದಿಯಷ್ಟೇ ಸೇರಿದರೆ ಮ್ಯಾನೇಜ್‌ಮೆಂಟ್ ಅದೇ ಲೆಕ್ಕ ಹಿಡಿದು ನಾಲ್ವರು ಸಾಕು ಎನ್ನುತ್ತದೆ. ಸೇರುವವರು ಕಡಿಮೆಯಾಗಿರುವ ಸಿವಿಲ್, ಮೆಕ್ಯಾನಿಕಲ್ ವಿಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024-25ರಿಂದ ಎಐಸಿಟಿಇ ಅರ್ಹ ಕಾಲೇಜುಗಳಿಗೆ ಸೀಟಿನ ಗರಿಷ್ಠ ಮಿತಿಯನ್ನೇ ತೆಗೆದಿದೆ. ಬೆಂಗಳೂರಿನ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡಷ್ಟೂ ಜಿಲ್ಲೆಗಳ ಕಾಲೇಜಿಗೆ ಬರುವವರು ಕಡಿಮೆಯಾಗುತ್ತಾರೆ.

ಮೇಷ್ಟ್ರು ಪಿಯು ಕಾಲೇಜುಗಳಿಗೆ ಹೋಗದಿದ್ದರೆ ತಲೆಗಿಷ್ಟು ಕಮಿಷನ್ ಪಡೆಯುವ ಏಜೆಂಟ್ ಹೋಗುತ್ತಾನೆ. ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಆದ್ಯತೆಯಂತೆ ನಮೂದಿಸುವಾಗ) ಯಾವುದನ್ನು ಮೇಲೆ ಹಾಕಬೇಕು, ಯಾವ ಬ್ರಾಂಚಿನಲ್ಲಿ ಏನು ಓದಬೇಕು ಎಂಬುದನ್ನು ಅವನಿಂದ ಕೇಳಿ ತಿಳಿಯುವುದಕ್ಕಿಂತ ಪಾಠ ಮಾಡುವವರಿಂದ ತಿಳಿಯುವುದು ಮಕ್ಕಳಿಗೇ ಒಳ್ಳೆಯದು.

ಇನ್ನೊಂದು ಮಾತು. ಲಿಖಿತ ಟಾರ್ಗೆಟ್ ಇಲ್ಲದ ಕಾಲೇಜುಗಳಲ್ಲೂ ಈ ಕೆಲಸ ಇದ್ದೇ ಇರುತ್ತದೆ. ಅಲ್ಲಿ ಅದು ಹೊಸಬರ, ಬಾಯಿಲ್ಲದವರ ಹೆಗಲಿಗೆ ಬೀಳುತ್ತದೆ, ಪ್ರಿನ್ಸಿಪಾಲರ ಆಪ್ತರು ‘ನ್ಯಾಕ್ (ಕಾಲೇಜಿನ ಗುಣಮಟ್ಟದ ಮೌಲ್ಯಮಾಪನ) ಫೈಲ್ ಇದೆ’ ಎಂದು ಜಾರಿಕೊಳ್ಳುತ್ತಾರೆ. ಎಲ್ಲರಿಗೂ ಬರೆದು ಹಂಚಿದರೆ ಯಾರು ಜಾರಿಕೊಂಡರು ಎಂಬುದಾದರೂ ಕಾಣುತ್ತದೆ.

ವಿರೋಧ

ಬರೆದು ಹಂಚಿದ ಮಾತ್ರಕ್ಕೆ ಅದು ಸಮನಾಗುವುದಿಲ್ಲ. ಅದೇ ಊರಿನವರಿಗೆ ಬಂಧುಬಳಗವಿದೆ, ಜಾತಿಯ ಹಾಸ್ಟೆಲ್ಲಿನ ಪರಿಚಯವಿದೆ. ದೂರದಿಂದ ಬಂದು ಸೇರಿದ ಪಿಎಚ್‌ಡಿಯವರಿಗೆ ಏನಿದೆ? ಒಳ್ಳೆಯ ಪಿಯು ಕಾಲೇಜಿನ ಫೋನ್ ನಂಬರ್ ಪಟ್ಟಿ ವಿಭಾಗದ ಮುಖ್ಯಸ್ಥರಿಗೆ ಬೇಕಾದವರ ಕೈಗೆ ಹೋಗುತ್ತದೆ, ಉಳಿದವರು ಎತ್ತದ ನಂಬರುಗಳಿಗೆ ಡಯಲ್ ಮಾಡುತ್ತಾ ಕೂರುತ್ತಾರೆ.

ಅಷ್ಟಕ್ಕೂ ಮೇಷ್ಟ್ರು ‘ತಂದ’ ಸೀಟು ಎಂದರೆ ಯಾವುದು? ಸಿಇಟಿ ಸೀಟನ್ನು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ರ‍್ಯಾಂಕ್ ಮತ್ತು ಆಪ್ಷನ್ ನೋಡಿ ಹಂಚುತ್ತದೆ, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಯದೂ ರ‍್ಯಾಂಕಿನ ಮೇಲೆಯೇ. ಹಾಗಾಗಿ ಒಂದೋ ಅದು ಮ್ಯಾನೇಜ್‌ಮೆಂಟ್ ಕೋಟಾ ಸೀಟು, ಇಲ್ಲವೇ ತಾನಾಗಿ ಬಂದ ಹುಡುಗನನ್ನು ತನ್ನ ಲೆಕ್ಕಕ್ಕೆ ಬರೆಸಿಕೊಂಡದ್ದು. ಒಬ್ಬನೇ ಹುಡುಗ ಇಬ್ಬರ ಪಟ್ಟಿಯಲ್ಲಿ ಸಿಕ್ಕಿ ಸ್ಟಾಫ್ ರೂಮಿನಲ್ಲಿ ಮಾತು ಬಿಟ್ಟವರಿದ್ದಾರೆ.

ನನ್ನ ದೊಡ್ಡ ತಕರಾರು ಇದಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮಿನಲ್ಲಿ (ಪಠ್ಯಕ್ರಮದಲ್ಲಿ) ಥಿಯರಿ ವಿಷಯದ 100 ಅಂಕಗಳಲ್ಲಿ 50 ಸಿಐಇ (ಆಂತರಿಕ ಮೌಲ್ಯಮಾಪನ), ಅಂದರೆ ಪಾಠ ಮಾಡುವವರ ಕೈಯಲ್ಲೇ ಇರುವ ಅಂಕ. ಅದರಲ್ಲಿ 20 ಬಾರದವರು ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ಮೇ ತಿಂಗಳಲ್ಲಿ ಮನೆಗೇ ಹೋಗಿ ‘ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಮಾತು ಕೊಟ್ಟವರು, ಮೊದಲ ಸೆಮಿಸ್ಟರ್ ಕೊನೆಗೆ ಅದೇ ಹುಡುಗನಿಗೆ 14 ಹಾಕಿಯಾರೇ? ಹಾಕಿದರೆ ಅಪ್ಪ ಮೊದಲು ಫೋನ್ ಮಾಡುವುದು ಅವರಿಗೇ, ಆಮೇಲೆ ಮ್ಯಾನೇಜ್‌ಮೆಂಟಿಗೆ. ಮುಂದಿನ ವರ್ಷ ಅದೇ ಊರಿಗೆ ಅದೇ ಮೇಷ್ಟ್ರು ಸೀಟು ಕೇಳಿಕೊಂಡು ಹೋಗಬೇಕಲ್ಲ! ಏಜೆಂಟ್ ಸುಳ್ಳು ಹೇಳಿದರೂ ಕಮಿಷನ್ ಎಣಿಸಿಕೊಂಡು ಹೋಗುತ್ತಾನೆ, ಅಂಕ ಹಾಕುವ ಅಧಿಕಾರ ಅವನಿಗಿಲ್ಲ.

ಇಂಥ ಒತ್ತಡದ ವಿರುದ್ಧ ಲೆಕ್ಚರರ್ ಎಲ್ಲಿಗೆ ಹೋಗಬೇಕು? ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, 1988ರಲ್ಲಿ, ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಲೇಬರ್ ಕೋರ್ಟಿನ ದಾರಿ ಅಲ್ಲಿಗೇ ಮುಚ್ಚಿತು. ಆದ್ದರಿಂದ ‘ಸಂಬಳ ಹಿಡಿಯಬಾರದು’ ಎಂಬ ಷರತ್ತು ಕೇಳಲು ಚೆಂದ, ಅದನ್ನು ಜಾರಿ ಮಾಡಿಸುವವರು ಯಾರು?

ಪಿಯು ಮಕ್ಕಳಿಗೆ ಬ್ರಾಂಚುಗಳ ಬಗ್ಗೆ ತಿಳಿಹೇಳಲಿ, ಆನ್ ಡ್ಯೂಟಿ ಕೊಟ್ಟೇ ಕಳಿಸಲಿ. ಆದರೆ ‘ನಿನಗೆ ಬಂದಿರುವ ರ‍್ಯಾಂಕಿಗೆ ಸರ್ಕಾರಿ ಕಾಲೇಜೇ ಸಿಗುತ್ತದೆ, ಅಲ್ಲಿಗೇ ಹೋಗಮ್ಮ’ ಎಂದು ಹೇಳಿ ಬಂದ ಮೇಷ್ಟ್ರಿಗೆ ಆ ವರ್ಷದ ಇನ್‌ಕ್ರಿಮೆಂಟ್ ಸಿಗಬೇಕು. ಟಾರ್ಗೆಟ್ ಇಟ್ಟಿರುವ ಯಾವ ಕಾಲೇಜು ಅದನ್ನು ಕೊಡುತ್ತದೆ?